ಬಡ್ತಿಯ ನಂತರದ ಪ್ರೊಬೇಷನ್: ಎರಡು ವರ್ಷ ಮುಗಿದರೂ ಆದೇಶ ಬಂದಿಲ್ಲ

ಪ್ರಶ್ನೆ (ಡೊಂಬಿವಲಿ ನಿವಾಸಿ):
ಎಲ್ಲರಿಗೂ ನಮಸ್ಕಾರ. ಮುಂಬೈಯಲ್ಲಿರುವ ಕೇಂದ್ರ ಸರ್ಕಾರದ ಅಧೀನ ಕಚೇರಿಯೊಂದರಲ್ಲಿ ಎಲ್‌ಡಿಸಿ (ಕೆಳದರ್ಜೆ ಗುಮಾಸ್ತ) ಆಗಿ ಸೇರಿದ ನಾನು ಅಲ್ಲಿಯೇ ಕಾಯಂ ಆದೆ. ಯುಡಿಸಿ (ಮೇಲ್ದರ್ಜೆ ಗುಮಾಸ್ತ) ಆದಾಗ ಪ್ರೊಬೇಷನ್, ಅಂದರೆ ಪರೀಕ್ಷಾರ್ಥ ಅವಧಿ, ಇರಲಿಲ್ಲ. ವೇತನ ಲೆವೆಲ್ 6ರ, ಗ್ರೂಪ್ ‘ಬಿ’ಯ ಸಹಾಯಕ ಹುದ್ದೆಗೆ ಬಡ್ತಿ ಬಂದಾಗ ಮಾತ್ರ ಆದೇಶದಲ್ಲಿ ‘ಎರಡು ವರ್ಷ ಪ್ರೊಬೇಷನ್’ ಎಂದು ಬರೆದಿದ್ದರು. ಆ ಅವಧಿ ಮುಗಿದು ತಿಂಗಳುಗಳೇ ಕಳೆದಿವೆ. ಆಡಳಿತ ಶಾಖೆಯಲ್ಲಿ ವಿಚಾರಿಸಿದರೆ ‘ಫೈಲ್ ಮೇಲೆ ಹೋಗಿದೆ’ ಎನ್ನುತ್ತಾರೆ. ಒಮ್ಮೆ ಕಾಯಂ ಆದವರಿಗೆ ಮತ್ತೆ ಪ್ರೊಬೇಷನ್ ಹಾಕಬಹುದೇ? ಆದೇಶ ಬಾರದಿದ್ದರೂ ಅದು ಮುಗಿಯಿತೆಂದು ಭಾವಿಸಬಹುದೇ? ಹಿಂದಿನ ಹುದ್ದೆಗೆ ಕಳುಹಿಸಿದರೆ ಅದು ಶಿಕ್ಷೆಯಾಗುವುದಿಲ್ಲವೇ?

ಉತ್ತರ 1 (ಮಾಟುಂಗಾ, ನಿವೃತ್ತ ಆಡಳಿತ ಶಾಖೆ):
ಹಾಕಬಹುದು. ಸೇವೆಯಲ್ಲಿ ಕಾಯಮಾತಿ ಒಂದೇ ಬಾರಿ, ಅದೂ ಸೇರಿದ ಹುದ್ದೆಯಲ್ಲಿ. 1988ರಿಂದ ಕೇಂದ್ರದ ಪದ್ಧತಿ ಹೀಗಿದೆ. ಬಡ್ತಿಯ ಪ್ರೊಬೇಷನ್ ಬೇರೆಯದು. ಕೇಂದ್ರದ ಹುದ್ದೆಗಳು ಮೇಲಿನಿಂದ ‘ಎ’, ‘ಬಿ’, ‘ಸಿ’ ಎಂಬ ಗ್ರೂಪುಗಳಲ್ಲಿವೆ. ಒಂದೇ ಗ್ರೂಪಿನೊಳಗಿನ ಬಡ್ತಿಗೆ ಅದಿಲ್ಲ, ಆದ್ದರಿಂದಲೇ ‘ಸಿ’ಯೊಳಗೇ ಯುಡಿಸಿ ಆದಾಗ ನಿಮಗೆ ಅದು ಎದುರಾಗಲಿಲ್ಲ. ‘ಸಿ’ಯಿಂದ ‘ಬಿ’ಗೆ, ಅಥವಾ ‘ಬಿ’ಯಿಂದ ‘ಎ’ಗೆ ಹೋದಾಗ ಎರಡು ವರ್ಷ, ಇಲ್ಲವೇ ಆ ಹುದ್ದೆಯ ನೇರ ನೇಮಕಾತಿಗೆ ನಿಗದಿಯಾದಷ್ಟು ಅವಧಿ. ಅವಧಿ ಮುಗಿದ ಮೇಲೆ ನೇಮಕಾತಿ ಪ್ರಾಧಿಕಾರವು ಕೆಲಸ ಮತ್ತು ನಡತೆಯನ್ನು ಪರಿಶೀಲಿಸಿ, ತೃಪ್ತಿಕರವಾಗಿ ಪೂರೈಸಿದ್ದಾರೆ ಎಂದು ಆದೇಶ ಹೊರಡಿಸಬೇಕು. ಅನರ್ಹರೆಂದು ಕಂಡರೆ ಹಿಂದಿನ ಹುದ್ದೆಗೆ ಕಳುಹಿಸಬಹುದು.

ಆದರೆ ಸುಮ್ಮನಿರುವ ಅಧಿಕಾರ ಕಚೇರಿಗಿಲ್ಲ. ಅವಧಿ ಮುಗಿದ ಆರರಿಂದ ಎಂಟು ವಾರಗಳೊಳಗೆ ತೀರ್ಮಾನಿಸಬೇಕು, ವಿಸ್ತರಿಸುವುದಾದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು ಎಂದು ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ ಸೂಚನೆಗಳಿವೆ. ಕೆಲಸದಲ್ಲಿ ಕೊರತೆ ಇದ್ದರೆ, ತಿದ್ದಿಕೊಳ್ಳಲು ಅವಕಾಶ ಸಿಗುವಂತೆ ಅವಧಿ ಮುಗಿಯುವ ಮೊದಲೇ ಹೇಳಬೇಕಾದದ್ದೂ ಅವರೇ. ಪ್ರೊಬೇಷನ್ ವರದಿಯ ನಮೂನೆ ವಾರ್ಷಿಕ ವರದಿಗಿಂತ ಬೇರೆ. ಅನೇಕ ಕಡೆ ಫೈಲ್ ನಿಲ್ಲುವುದು ಇಲ್ಲಿಯೇ, ವರ್ಗವಾಗಿ ಹೋದ ಮೇಲಧಿಕಾರಿ ಆ ನಮೂನೆಯನ್ನು ತುಂಬಿರುವುದಿಲ್ಲ. ನಿಮ್ಮ ವರದಿಗಳು ತಲುಪಿವೆಯೇ ಎಂಬುದನ್ನೇ ಮೊದಲು ಕೇಳಿ.

ಉತ್ತರ 2 (ಪುಣೆ, ರಕ್ಷಣಾ ಇಲಾಖೆಯ ಸಿವಿಲಿಯನ್):
ತಾನಾಗಿಯೇ ಮುಗಿಯಿತು ಎನ್ನುವವರು ಪಂಜಾಬ್ ಸರ್ಕಾರ ವಿರುದ್ಧ ಧರಂ ಸಿಂಗ್ (1968) ತೀರ್ಪನ್ನು ತೋರಿಸುತ್ತಾರೆ. ಅಲ್ಲಿ ಪ್ರೊಬೇಷನ್ ಒಟ್ಟು ಮೂರು ವರ್ಷ ಮೀರಬಾರದೆಂದು ನಿಯಮವೇ ಇತ್ತು, ಆ ಮಿತಿ ದಾಟಿದ ಮೇಲೂ ಅವರನ್ನು ಹುದ್ದೆಯಲ್ಲಿ ಮುಂದುವರಿಸಿದ್ದರು. ನಮ್ಮಲ್ಲಿ ವಿಸ್ತರಣೆಯೂ ಸೇರಿ ಮೂಲ ಅವಧಿಯ ಎರಡರಷ್ಟನ್ನು ಮೀರಬಾರದು ಎಂದಿದೆ. ಆದ್ದರಿಂದ ಎರಡು ವರ್ಷ ಮುಗಿದ ಮಾತ್ರಕ್ಕೆ ಆ ತೀರ್ಪು ನಿಮ್ಮ ನೆರವಿಗೆ ಬರುವುದಿಲ್ಲ.

ಶಿಕ್ಷೆಯ ಪ್ರಶ್ನೆಗೆ ಪುರುಷೋತ್ತಮ ಲಾಲ್ ಧಿಂಗ್ರಾ ಪ್ರಕರಣ ಹೆಚ್ಚು ಹತ್ತಿರ. ರೈಲ್ವೆಯಲ್ಲಿ ಮೇಲಿನ ದರ್ಜೆಯಲ್ಲಿ ಸ್ಥಾನಾಪನ್ನರಾಗಿದ್ದವರನ್ನು (ಕಾಯಂ ಆಗದೆ ಆ ಹುದ್ದೆ ನೋಡಿಕೊಳ್ಳುತ್ತಿದ್ದವರನ್ನು) ಹಿಂದಕ್ಕೆ ಕಳುಹಿಸಿದ್ದು ಶಿಕ್ಷೆಯಲ್ಲ ಎಂದು 1957ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಮೂಲ ಹುದ್ದೆಯ ಜ್ಯೇಷ್ಠತೆ ಕಳೆಯುವುದು, ಮುಂದಿನ ಬಡ್ತಿ ತಡೆಯುವುದು ಮುಂತಾದ ಪರಿಣಾಮಗಳು ಜೊತೆಗಿದ್ದರೆ ಅದು ಶಿಕ್ಷೆಯೇ, ಆಗ ಸಂವಿಧಾನದ 311(2)ನೇ ವಿಧಿಯಂತೆ ನೌಕರನಿಗೆ ತನ್ನ ಮಾತು ಹೇಳಿಕೊಳ್ಳಲು ಅವಕಾಶ ಕೊಡಲೇಬೇಕು. ಕೇಂದ್ರ ನೌಕರರ ಶಿಸ್ತುಕ್ರಮದ ನಿಯಮಗಳಾದ 1965ರ ಸಿಸಿಎಸ್ (ಸಿಸಿಎ) ನಿಯಮ 11ರ ವಿವರಣೆಯೂ ಪ್ರೊಬೇಷನ್‌ನಲ್ಲಿನ ಹಿಂಬಡ್ತಿಯನ್ನು ದಂಡನೆಗಳ ಪಟ್ಟಿಯಿಂದ ಹೊರಗಿಟ್ಟಿದೆ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಇಷ್ಟರಲ್ಲಿ ಇನ್‌ಕ್ರಿಮೆಂಟ್ ನಿಲ್ಲುತ್ತದೆಯೇ?

ಉತ್ತರ 1:
ಇಲ್ಲ. ಹುದ್ದೆಯಲ್ಲಿ ಕರ್ತವ್ಯ ನಿರ್ವಹಿಸಿದ ಅವಧಿ ಮೂಲ ನಿಯಮ (ಫಂಡಮೆಂಟಲ್ ರೂಲ್) 26ರಂತೆ ಲೆಕ್ಕಕ್ಕೆ ಬರುತ್ತದೆ. ಈಗ ಬಡ್ತಿ ಆದೇಶದ ಪ್ರತಿ ಲಗತ್ತಿಸಿ ಒಂದು ಪುಟದ ಮನವಿ ಕೊಡಿ, ಡೈರಿ ಸಂಖ್ಯೆ (ಸ್ವೀಕೃತಿ ಸಂಖ್ಯೆ) ಹಾಕಿಸಿಕೊಳ್ಳಿ. ಆರು ತಿಂಗಳು ಉತ್ತರ ಬಾರದಿದ್ದರೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಮುಂಬೈ ಪೀಠಕ್ಕೆ ಹೋಗಬಹುದು, ಅಲ್ಲಿ ಮೊದಲು ಕೇಳುವುದು ಆ ಮನವಿಯನ್ನೇ.