ಒಂಟಿ ತಾಯಂದಿರ ಮನೆಗಳಿಗೆ ನೆರವು: ಕಿಟ್ ಕೊಡೋದಾ, ದುಡ್ಡು ಕೊಡೋದಾ?

ಪ್ರಶ್ನೆ:
ನಮ್ಮದು ಸಣ್ಣ ಗುಂಪು. ತಿಂಗಳಿಗೆ ಇಂತಿಷ್ಟು ಅಂತ ಒಟ್ಟುಮಾಡಿ, ಹೆಂಗಸೊಬ್ಬಳ ದುಡಿಮೆಯಲ್ಲೇ ನಡೆಯುವ ಬಡ ಮನೆಗಳಿಗೆ ಕೊಡಬೇಕೆಂದಿದ್ದೇವೆ. ಐದು ವರ್ಷದೊಳಗಿನ ಮಕ್ಕಳೂ ಇದ್ದಾರೆ. ದಿನಸಿ ಕಿಟ್ ಕೊಡೋಣ ಅಂತ ಕೆಲವರು, ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸಿ ಖರ್ಚು ನೋಡಿಕೊಳ್ಳೋಣ ಅಂತ ಇನ್ನು ಕೆಲವರು. ದುಡ್ಡು ಕೊಟ್ಟರೆ ಪೋಲಾಗುತ್ತೆ ಅನ್ನೋ ಭಯ ಎಲ್ಲರಿಗೂ. ಏನು ಮಾಡಬಹುದು? ಎಷ್ಟು ಕಾಲ ಕೊಡಬೇಕು?

ಉತ್ತರ 1:
ಅನಾಥಾಲಯದ ಯೋಚನೆಯನ್ನು ಮೊದಲು ಕೈಬಿಡಿ. ಅಂಥ ಕಡೆ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಾಯಿಯೋ ತಂದೆಯೋ ಬದುಕಿದ್ದಾರೆ. ಅವರನ್ನು ಅಲ್ಲಿಗೆ ತಳ್ಳಿದ್ದು ಬಡತನ. ಬರೀ ಬಡತನದ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರೆ ಮಾಡಬಾರದು ಅಂತ ವಿಶ್ವಸಂಸ್ಥೆಯ 2009ರ ಮಾರ್ಗಸೂಚಿಯೇ ಹೇಳುತ್ತೆ. ಆ ಖರ್ಚನ್ನೇ ತಾಯಿಯ ಕೈಗೆ ಕೊಡಿ.

ಹತ್ತಿರದ ಅಂಗಡಿಯಲ್ಲಿ ಸಾಮಾನು ಸಿಗುತ್ತೆ ಅಂದರೆ ದುಡ್ಡೇ ಮೇಲು. ಬಾಡಿಗೆ ಬಾಕಿ ಇರುವವಳು ನಿಮ್ಮ ಕಿಟ್ಟನ್ನು ಅರ್ಧ ಬೆಲೆಗೆ ಮಾರಿ ಬಾಡಿಗೆ ಕಟ್ಟುತ್ತಾಳೆ. ಪೋಲಾಗುವ ಭಯದ ಬಗ್ಗೆ: ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವಿಶ್ವಬ್ಯಾಂಕಿನ 2014ರ ವರದಿಯಲ್ಲಿ, ನಗದು ಸಿಕ್ಕವರ ಕುಡಿತ, ತಂಬಾಕಿನ ಖರ್ಚು ಏರಿದ್ದು ಕಾಣಲಿಲ್ಲ.

ಎಡವೋದು ಬೇರೆ ಕಡೆ. ಖಾತೆ ಅವಳ ಹೆಸರಲ್ಲಿರುತ್ತೆ, ಸಿಮ್ಮು ಅಣ್ಣನ ಹತ್ತಿರ, ಪಿನ್ನು ಮಾವನಿಗೆ ಗೊತ್ತು! ಮೊದಲ ಕಂತಿಗೆ ಮುಂಚೆ ಅವಳೊಬ್ಬಳೇ ಇದ್ದಾಗ ಕೇಳಿ: ದುಡ್ಡು ಹೇಗೆ ಬಂದರೆ ನಿಮ್ಮ ಕೈಯಲ್ಲೇ ಉಳಿಯುತ್ತೆ? ಕಂತಿನ ತಾರೀಖು ಬಾಡಿಗೆಗೆ ಎರಡು ಮೂರು ದಿನ ಮುಂಚೆ ಇರಲಿ, ಒಮ್ಮೆ ಹೇಳಿದ ಮೇಲೆ ತಪ್ಪಬಾರದು. ಒಂದು ತಿಂಗಳು ಬಂದು ಇನ್ನೊಂದು ತಿಂಗಳು ಬಾರದಿದ್ದರೆ ಅವಳು ಬಡ್ಡಿಗೆ ಕೈಚಾಚುತ್ತಾಳೆ.

ಉತ್ತರ 2:
ಮೇಲಿನದಕ್ಕೆ ನನ್ನದೂ ಒಪ್ಪಿಗೆ. ಆದರೆ ಪುಟ್ಟ ಮಕ್ಕಳ ವಿಷಯದಲ್ಲಿ ದುಡ್ಡೊಂದೇ ಸಾಲದು. 6ರಿಂದ 59 ತಿಂಗಳ ಮಕ್ಕಳ ತೋಳಿನ ಸುತ್ತಳತೆ ತೆಗೆಯೋದನ್ನು ನಿಮ್ಮಲ್ಲಿ ಇಬ್ಬರಾದರೂ ಕಲಿಯಿರಿ. ಎಡತೋಳು, ಭುಜದ ತುದಿಗೂ ಮೊಣಕೈಗೂ ನಡುಮಧ್ಯ. ಮಧ್ಯ ಗುರುತಿಸುವಾಗ ಕೈ ಮಡಚಿರಬೇಕು, ಅಳೆಯುವಾಗ ಸಡಿಲವಾಗಿ ಜೋತಿರಬೇಕು. 115 ಮಿ.ಮೀ.ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ; 115ರಿಂದ 125ರ ಒಳಗಿದ್ದರೆ ಮಧ್ಯಮ. ಅಳತೆಪಟ್ಟಿಯನ್ನು ಬಿಗಿಯಾಗಿ ಎಳೆದರೆ ಚೆನ್ನಾಗಿರುವ ಮಗುವೂ ಬಡಕಲಾಗಿ ಕಾಣುತ್ತೆ, ಅಂಗಿಯ ಮೇಲೆ ಅಳೆದರೆ ಉಲ್ಟಾ. ಎರಡೂ ಪಾದ ಊದಿದ್ದು, ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿದಾಗ ಕುಳಿ ಉಳಿದರೆ ಅಳತೆ ಎಷ್ಟೇ ಇರಲಿ, ಆಸ್ಪತ್ರೆಗೆ. ಅಲ್ಲಿಗೆ ಹೋಗಿಬರುವ ಖರ್ಚು, ಅವಳ ಕೂಲಿ ತಪ್ಪಿದ ದಿನದ ಹಣ ಎರಡನ್ನೂ ಬೇರೆಯಾಗಿ ತೆಗೆದಿಡಿ.

ಹಾಲಿನ ಪುಡಿ, ಬಾಟಲಿ ಹಂಚಲೇಬೇಡಿ. ನೀರು ಶುದ್ಧವಿರಲ್ಲ, ಪುಡಿ ಉಳಿಸಲು ತೆಳ್ಳಗೆ ಕಲಸುತ್ತಾರೆ, ಮಗುವಿಗೆ ಭೇದಿ. ಅಷ್ಟರಲ್ಲಿ ತಾಯಿಗೆ ಎದೆಹಾಲೂ ಕಡಿಮೆಯಾಗಿರುತ್ತೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಕೊನೆಗೆ ನಿಲ್ಲಿಸೋದು ಹೇಗೆ? ದಾನಿಗಳು ಫೋಟೊ ಬೇರೆ ಕೇಳ್ತಾರೆ.

ಉತ್ತರ 3:
ಮುಗಿಯುವ ತಿಂಗಳನ್ನು ಮೊದಲ ದಿನವೇ ಹೇಳಿ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಶುರುಮಾಡಿದ ಕ್ರಮ ನೋಡಿ: ದುಡಿಮೆಗೊಂದು ಆಸ್ತಿ (ಹಸು, ಮೇಕೆಯಂಥದ್ದು), ಅದು ಆದಾಯ ಕೊಡುವವರೆಗೆ ಊಟದ ಖರ್ಚು, ತರಬೇತಿ, ಉಳಿತಾಯ, ಮೇಲಿಂದ ಮೇಲೆ ಮನೆಭೇಟಿ. ಎಲ್ಲ ಸೇರಿ ಸುಮಾರು ಎರಡು ವರ್ಷ. ಆರು ದೇಶಗಳಲ್ಲಿ ಇದೇ ಮಾದರಿಯನ್ನು ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಬಂತು. ನೆರವು ನಿಂತು ಒಂದು ವರ್ಷವಾದ ಮೇಲೂ ಆ ಮನೆಗಳು ಮೊದಲಿಗಿಂತ ಮೇಲಿದ್ದವು. ಊಟದ ಖರ್ಚು ಬಿಟ್ಟು ಆಸ್ತಿ ಮಾತ್ರ ಕೊಟ್ಟರೆ ಮೊದಲ ಕಷ್ಟಕ್ಕೇ ಅದು ಮಾರಾಟ. ಹೊಲಿಗೆ ಯಂತ್ರದ ಮೇಲೆ ದಾನಿಗಳಿಗೆ ವಿಪರೀತ ಪ್ರೀತಿ. ಒಂದೇ ಬೀದಿಗೆ ಹತ್ತು ಯಂತ್ರ ಕೊಟ್ಟರೆ ಬಟ್ಟೆ ತಂದುಕೊಡುವವರು ಯಾರು?

ಫೋಟೊ ಬೇಡ. ಕೈಚಾಚಿ ನಿಂತವಳ ಒಪ್ಪಿಗೆ ಒಪ್ಪಿಗೆಯಲ್ಲ. ಪ್ರತಿ ಮನೆಗೂ ಒಂದು ಸಂಕೇತ ಸಂಖ್ಯೆ ಕೊಟ್ಟು ಕಂತು ಜಮೆಯಾದ ತಾರೀಖು, ಮಕ್ಕಳ ಶಾಲಾ ಹಾಜರಿ, ತೋಳಿನ ಅಳತೆ ಇಷ್ಟನ್ನು ಮೂರು ತಿಂಗಳಿಗೊಮ್ಮೆ ಕಳಿಸಿ. ಹೆಸರಿರುವ ಪಟ್ಟಿ ಒಬ್ಬರ ಹತ್ತಿರ ಮಾತ್ರ ಇರಲಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ.