ಮ್ಯಾಡ್ರಿಡ್‌ನಿಂದ ಒಂದು ದಿನಕ್ಕೆ: ಟೊಲೆಡೊನಾ, ಸೆಗೋವಿಯಾನಾ?

ಪ್ರಶ್ನೆ: ನಾವು ಹನ್ನೆರಡು ಜನ ವಿದ್ಯಾರ್ಥಿಗಳು, ಶನಿವಾರ ಒಂದೇ ದಿನ ಬಿಡುವು. ಸ್ಪೇನ್‌ನ ಇತಿಹಾಸಾನೂ ನೋಡಬೇಕು, ಅಲ್ಲಿಯ ಊಟಾನೂ ಆಗಬೇಕು. ಎಲ್ಲಿಗೆ ಹೋಗೋಣ?

ಉತ್ತರ 1: ಟೊಲೆಡೊ. ಮ್ಯಾಡ್ರಿಡ್‌ನ ಅಟೋಚಾ ನಿಲ್ದಾಣದಿಂದ ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ. 1226ರಲ್ಲಿ ಕಟ್ಟಲು ಶುರುಮಾಡಿದ ಕೆಥೆಡ್ರಲ್ ಇದೆ, ಆದರೆ ನನಗೆ ಜಾಸ್ತಿ ಹಿಡಿಸಿದ್ದು ಸಾಂತಾ ಮರಿಯಾ ಲಾ ಬ್ಲಾಂಕಾ: ಯಹೂದಿಗಳ ಪ್ರಾರ್ಥನಾ ಮಂದಿರ, ಒಳಗೆ ಮಸೀದಿಯಂಥ ಕುದುರೆಲಾಳದ ಆಕಾರದ ಬಿಳಿ ಕಮಾನುಗಳು, ಆಮೇಲೆ ಅದೇ ಚರ್ಚ್ ಆಯಿತು. ಮಾರ್ಜಿಪಾನ್ ಅನ್ನೋ ಬಾದಾಮಿ ಸಿಹಿ ತಿನ್ನದೆ ಬರಬೇಡಿ.

ಉತ್ತರ 2: ಸೆಗೋವಿಯಾನೂ ಕಮ್ಮಿ ಇಲ್ಲ. ಊರಿಗೆ ನೀರು ತರಲು ರೋಮನ್ನರು ಕಟ್ಟಿದ ಮೇಲ್ಗಾಲುವೆ ನೋಡಿ, ಗಾರೆಯೇ ಇಲ್ಲದೆ ಕಲ್ಲಿನ ಮೇಲೆ ಕಲ್ಲು, ಸುಮಾರು 28 ಮೀಟರ್ ಎತ್ತರ. ಹಂದಿಮರಿ ರೋಸ್ಟನ್ನು ಚಾಕು ಇಲ್ಲದೆ ತಟ್ಟೆಯ ಅಂಚಿನಲ್ಲೇ ಕತ್ತರಿಸುತ್ತಾರೆ!

ಪ್ರಶ್ನೆ ಕೇಳಿದವರು: ನಾಲ್ಕು ಜನ ಸಸ್ಯಾಹಾರಿಗಳಪ್ಪಾ. ಟೊಲೆಡೊನೇ ಸರಿ.

ಉತ್ತರ 1: ಊಟಕ್ಕೆ ಎರಡು ಗಂಟೆ ಮೇಲೆ ಹೋಗಿ, ಹನ್ನೆರಡಕ್ಕೆ ಹೋದರೆ ಸುಮ್ನೆ ಕಾಯಬೇಕು. ಒಳ್ಳೆ ಶೂ ಇರಲಿ, ಊರೆಲ್ಲ ಏರು.