ವಿಂಡೋಸ್.ಓಲ್ಡ್ 27 ಜಿಬಿ ತಿಂದು ಕೂತಿದೆ, ಅಳಿಸಬಹುದಾ?

ಜೋಳದ ಮಂಡಿ (ದಾವಣಗೆರೆ)

ಎಪಿಎಂಸಿ ಯಾರ್ಡಿನ ಮಂಡಿಯ ಲೆಕ್ಕದ ಲ್ಯಾಪ್‌ಟಾಪ್. 128 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್. ಆರು ದಿನದ ಹಿಂದೆ ವಿಂಡೋಸ್ 10 ತೆಗೆದು 11 ಮಾಡಿಸಿದ್ದು. ಸಿ ಡ್ರೈವ್ 118 ಜಿಬಿ ತೋರಿಸುತ್ತೆ, ಅದರಲ್ಲಿ ಖಾಲಿ ಇರೋದು 5 ಜಿಬಿ. ವಿಂಡೋಸ್.ಓಲ್ಡ್ ಅನ್ನೋ ಫೋಲ್ಡರ್ ಒಂದೇ 27 ಜಿಬಿ. ಶಿಫ್ಟ್ ಡಿಲೀಟ್ ಕೊಟ್ಟರೆ ಪರ್ಮಿಷನ್ ಇಲ್ಲ ಅನ್ನುತ್ತೆ. ಟ್ಯಾಲಿ ಪ್ರೈಮ್ (ಲೆಕ್ಕದ ಸಾಫ್ಟ್‌ವೇರ್) ಹೊಸದಾಗಿ ಹಾಕಿಕೊಟ್ಟಿದ್ದಾರೆ, ಈ ವಾರದ ಬಿಲ್ ಅದರಲ್ಲೇ ನಡೀತಿದೆ. ಹಳೇ ವರ್ಷಗಳ ಲೆಕ್ಕ ಇನ್ನೂ ತೆರೆದು ನೋಡಿಲ್ಲ. ಇನೆಟ್‌ಪಬ್ ಅಂತ ಒಂದು ಖಾಲಿ ಫೋಲ್ಡರ್ ಕೂಡ ಬಂದಿದೆ. ಎರಡನ್ನೂ ತೆಗೆಯಬಹುದಾ?

ಸ್ಕ್ರೂಡ್ರೈವರ್

ಕೈ ತೆಗೀರಿ ಮೊದಲು! ಏನೂ ಅಳಿಸಬೇಡಿ.

ನಿಮ್ಮ ಪ್ರಶ್ನೆಯಲ್ಲೇ ಸುಳಿವು ಇದೆ: ಟ್ಯಾಲಿ ಹೊಸದಾಗಿ ಹಾಕಬೇಕಾಯ್ತು. ಫೈಲು, ಪ್ರೋಗ್ರಾಂ ಎಲ್ಲ ಉಳಿಸಿಕೊಂಡು ಮಾಡಿದ ಅಪ್‌ಗ್ರೇಡ್ ಆಗಿದ್ದರೆ ಟ್ಯಾಲಿ ಇದ್ದಲ್ಲೇ ಇರಬೇಕಿತ್ತು. ಅಂದರೆ ಪೆನ್‌ಡ್ರೈವಿಂದ ಬೂಟ್ ಮಾಡಿ, ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡದೇ ಅದರ ಮೇಲೇ ಹೊಸ ವಿಂಡೋಸ್ ಕೂರಿಸಿದ್ದಾರೆ. ಆಗ ಹಳೇ ವಿಂಡೋಸ್, ಪ್ರೋಗ್ರಾಂ ಫೈಲ್ಸ್, ಯೂಸರ್ಸ್ ಮೂರೂ ಗಂಟುಮೂಟೆ ಸಮೇತ ವಿಂಡೋಸ್.ಓಲ್ಡ್ ಒಳಗೆ ಹೋಗಿ ಕೂರುತ್ತವೆ. ಅಪ್‌ಗ್ರೇಡಿನಲ್ಲಿ ಅದು ಬರೀ ಹಳೇ ಸಿಸ್ಟಂನ ಮೂಟೆ; ನಿಮ್ಮಲ್ಲಿ ಹಳೇ ಲೆಕ್ಕದ ಏಕೈಕ ಪ್ರತಿ ಅದೇ ಇರಬಹುದು.

ಹುಡುಕುವ ಜಾಗ: ವಿಂಡೋಸ್.ಓಲ್ಡ್, ಅದರೊಳಗೆ ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್, ಡೇಟಾ. ಟ್ಯಾಲಿ ತಾನಾಗಿ ಡೇಟಾ ಇಡುವುದು ಅಲ್ಲೇ. 10000, 10001 ಥರ ಅಂಕಿ ಹೆಸರಿನ ಫೋಲ್ಡರುಗಳು ಕಂಡರೆ ಒಂದೊಂದೂ ಒಂದು ಕಂಪನಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಹಳೇ ಯೂಸರ್ ಹೆಸರಿನ ಫೋಲ್ಡರಿನಲ್ಲಿರುತ್ತವೆ. ತೆರೆಯುವಾಗ ಪರ್ಮಿಷನ್ ಕೇಳಿದರೆ ಕಂಟಿನ್ಯೂ ಒತ್ತಿ ಕಾಯಿರಿ, ಹಸಿರು ಪಟ್ಟಿ ನಿಧಾನಕ್ಕೆ ಓಡುತ್ತೆ. ಇಡೀ ವಿಂಡೋಸ್.ಓಲ್ಡ್‌ನ ಓನರ್‌ಶಿಪ್ ಬದಲಿಸಲು ಹೋಗಬೇಡಿ, ಅದರ ಅಗತ್ಯವೇ ಇಲ್ಲ.

ಮೊದಲ ಕಾಪಿ ಹೊರಗಿನ ಹಾರ್ಡ್‌ಡಿಸ್ಕಿಗೆ. ಅದನ್ನು ಮತ್ತೆ ಮುಟ್ಟಬೇಡಿ.

ಕೋಟೆ ಕೆಳಗೆ (ಚಿತ್ರದುರ್ಗ)

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಇಲ್ಲೇ ಜನ ಎಡವೋದು. ಹಳೇ ಡೇಟಾ ಸಿಕ್ಕ ಖುಷಿಗೆ ತಂದು ಹೊಸ ಡೇಟಾ ಫೋಲ್ಡರಿಗೆ ಪೇಸ್ಟ್ ಮಾಡಬೇಡ್ರಿ. ಹೊಸ ಟ್ಯಾಲಿಯಲ್ಲಿ ಈ ವಾರ ಮಾಡಿದ ಕಂಪನಿಗೂ ಹಳೇದರ ಥರ ಅದೇ ನಂಬರ್ ಬಿದ್ದಿರಬಹುದು. ರಿಪ್ಲೇಸ್ ಅಂತ ಒತ್ತಿದರೆ ವಾರದ ಬಿಲ್ಲು ಹೋಯ್ತು.

ಟ್ಯಾಲಿ ಮುಚ್ಚಿ, 'ಹಳೇಲೆಕ್ಕ' ಅಂತ ಬೇರೆ ಫೋಲ್ಡರ್ ಮಾಡಿ ಅದರೊಳಗೆ ಇಡಿ. ಆಮೇಲೆ ಟ್ಯಾಲಿಯಲ್ಲಿ ಎಫ್3 ಒತ್ತಿ, ಕಂಪನಿ ಆರಿಸುವ ಕಡೆ ಸ್ಪೆಸಿಫೈ ಪಾತ್ ಕೊಟ್ಟು ಆ ಫೋಲ್ಡರ್ ತೋರಿಸಿ. ಹೊಸ ಟ್ಯಾಲಿಯ ರಿಲೀಸ್ ಹಳೆಯದಕ್ಕಿಂತ ಮುಂದಿನದಾಗಿದ್ದರೆ ಡೇಟಾ ಮೈಗ್ರೇಟ್ ಮಾಡಬೇಕು, ಅಂದರೆ ಹೊಸ ರಿಲೀಸಿನ ರೂಪಕ್ಕೆ ಬದಲಿಸಬೇಕು ಅಂತ ಕೇಳಬಹುದು. ಹೊರಗಿನ ಡಿಸ್ಕಿನ ಕಾಪಿ ಮುಟ್ಟದೇ ಇಡಿ ಅಂತ ಮೇಲಿನವರು ಅಂದಿದ್ದು ಇದಕ್ಕೇ.

ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಪತ್ರಗಳು ಇದ್ದರೆ ತೆರೆದಾಗ ಅರ್ಥವಾಗದ ಇಂಗ್ಲಿಷ್ ಅಕ್ಷರ ಕಾಣುತ್ತೆ. ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ನುಡಿ ಮತ್ತೆ ಇನ್‌ಸ್ಟಾಲ್ ಮಾಡಿ. ಜಿಎಸ್‌ಟಿಗೆ ಡಿಜಿಟಲ್ ಸಹಿಯ ಟೋಕನ್ ಬಳಸುತ್ತಿದ್ದರೆ ಅದರ ಡ್ರೈವರ್ ಕೂಡ ಮತ್ತೆ ಹಾಕಬೇಕು, ವಿಂಡೋಸ್.ಓಲ್ಡ್‌ನಿಂದ ಪ್ರೋಗ್ರಾಂ ಫೈಲ್ಸ್ ಕಾಪಿ ಮಾಡಿದರೆ ಏನೂ ಕೆಲಸ ಮಾಡಲ್ಲ.

ಜೋಳದ ಮಂಡಿ

ಡೇಟಾ ಅಲ್ಲೇ ಇತ್ತು, ಮೂರು ಕಂಪನಿ. ಕಾಪಿ ಆಯ್ತು, ಬೇರೆ ಫೋಲ್ಡರಿನಿಂದ ತೆರೆಯಿತು. ಈಗ ಅಳಿಸೋದು ಹೇಗೆ? ಹತ್ತು ದಿನಕ್ಕೆ ತಾನೇ ಹೋಗುತ್ತೆ ಅಂತಾರಲ್ಲ?

ಸ್ಕ್ರೂಡ್ರೈವರ್

ತೆರೆಯಿತು ಅಂದರೆ ಸಾಲದು. ಪ್ರತಿ ಕಂಪನಿಯಲ್ಲೂ ಕೊನೆಯ ವೋಚರ್ ತಾರೀಕು ನೋಡಿ, ಒಂದು ಲೆಡ್ಜರ್ ಬಾಕಿಯನ್ನು ಹಳೇ ಪ್ರಿಂಟ್ ಜೊತೆ ತಾಳೆ ಹಾಕಿ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಮೇಲೆ ವಿಂಡೋಸ್ ಕಳಿಸುವ ಟ್ರಿಮ್ ಅನ್ನೋ ಸೂಚನೆ ಆ ಜಾಗವನ್ನು ಖಾಲಿ ಅಂತ ಗುರುತು ಮಾಡಿಬಿಡುತ್ತೆ, ರಿಕವರಿ ಸಾಫ್ಟ್‌ವೇರ್ ಸಾಮಾನ್ಯವಾಗಿ ಬರಿಗೈಲಿ ವಾಪಸ್ ಬರುತ್ತೆ.

ಹತ್ತು ದಿನದ ಲೆಕ್ಕ ಅಪ್‌ಗ್ರೇಡಿನದು. ಆ ಅವಧಿಯಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿ ಹಳೇ ವಿಂಡೋಸಿಗೆ ಮರಳಬಹುದು. ಅದಕ್ಕೆ ವಿಂಡೋಸ್.ಓಲ್ಡ್ ಜೊತೆಗೆ ಡಾಲರ್ ಚಿಹ್ನೆಯಿಂದ ಶುರುವಾಗುವ, ಹೆಸರಿನ ಕೊನೆಗೆ ಬಿಟಿ ಇರುವ ಅಡಗಿದ ಫೋಲ್ಡರೂ ಬೇಕು. ಒಂದು ಹೋದರೂ ದಾರಿ ಬಂದ್. ಅಪ್‌ಗ್ರೇಡ್ ಮಾಡಿಕೊಂಡವರು ಹತ್ತು ದಿನ ಮುಗಿಯುವ ಮುಂಚೆಯೇ ಡಿಸ್ಮ್ ಕಮಾಂಡಿನಿಂದ ಅದನ್ನು 60 ದಿನದವರೆಗೆ ಎಳೆಯಬಹುದು, ಮುಗಿದ ಮೇಲೆ ಆಗಲ್ಲ. ನಿಮ್ಮದು ಹೊಸ ಇನ್‌ಸ್ಟಾಲ್, ಆ ಬಟನ್ನಿನ ಆಸೆ ಬಿಡಿ. ಹೇಗೂ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಅಳಿಸಲು: ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಟೆಂಪರರಿ ಫೈಲ್ಸ್. ಪಟ್ಟಿ ಬರೋಕೆ ಒಂದೆರಡು ನಿಮಿಷ ಹಿಡಿಯುತ್ತೆ. ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್ ಅನ್ನೋದಕ್ಕೆ ಟಿಕ್ ಹಾಕಿ, ರಿಮೂವ್ ಫೈಲ್ಸ್ ಒತ್ತಿ. ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತಲೂ ಇರುತ್ತೆ, ಅದಕ್ಕೆ ಟಿಕ್ ಬಿದ್ದಿದೆಯಾ ಅಂತ ಎರಡು ಸಲ ನೋಡಿ. ಬ್ಯಾಂಕ್ ಸ್ಟೇಟ್‌ಮೆಂಟ್‌ಗಳೆಲ್ಲ ಅಲ್ಲೇ ಇರೋದು ತಾನೇ? ಚಾರ್ಜರ್ ಹಾಕಿಯೇ ಶುರು ಮಾಡಿ.

ಪಟ್ಟಿಯಲ್ಲಿ ಆ ಸಾಲೇ ಬರದಿದ್ದರೆ ಡಿಸ್ಕ್ ಕ್ಲೀನಪ್ ತೆರೆದು, ಕ್ಲೀನಪ್ ಸಿಸ್ಟಂ ಫೈಲ್ಸ್ ಒತ್ತಿ. ಅದನ್ನು ಒತ್ತದಿದ್ದರೆ ಹಳೇ ವಿಂಡೋಸಿನ ಸಾಲು ಕಾಣುವುದೇ ಇಲ್ಲ. ಅಲ್ಲೇ ವಿಂಡೋಸ್ ಇಎಸ್‌ಡಿ ಅಂತ ಇದ್ದರೆ ಟಿಕ್ ಹಾಕದೇ ಬಿಡಿ, ನಾಳೆ ರೀಸೆಟ್ ಮಾಡುವುದಿದ್ದರೆ ಬೇಕಾಗುತ್ತೆ.

ಇನೆಟ್‌ಪಬ್ ಮುಟ್ಟಬೇಡಿ. 2025ರ ಏಪ್ರಿಲ್‌ನ ಸೆಕ್ಯುರಿಟಿ ಅಪ್‌ಡೇಟ್ ಬೇಕೆಂದೇ ಮಾಡಿದ ಫೋಲ್ಡರ್ ಅದು. ಜಾಗ ತಿನ್ನಲ್ಲ, ಇರಲಿ.

ಜೋಳದ ಮಂಡಿ

ತಾಳೆ ಆಯ್ತು, ಅಳಿಸಿದೆ. ಆದರೆ 27 ತೋರಿಸ್ತಿತ್ತು, ಬಿಡುವಾಗಿದ್ದು 21 ಜಿಬಿ. ಮಿಕ್ಕ ಆರು ಎಲ್ಲಿ?

ಕೋಟೆ ಕೆಳಗೆ (ಚಿತ್ರದುರ್ಗ)

ಆ ಆರು ಇರಲೇ ಇಲ್ಲ ಅನ್ನಿ. ವಿಂಡೋಸ್ ಒಂದೇ ಫೈಲನ್ನು ಎರಡು ಮೂರು ಜಾಗದಲ್ಲಿ ಹಾರ್ಡ್ ಲಿಂಕ್ ಮಾಡಿ ಇಡುತ್ತೆ, ವಿನ್‌ಎಸ್‌ಎಕ್ಸ್‌ಎಸ್ ಅನ್ನೋ ಸಿಸ್ಟಂ ಫೈಲುಗಳ ಫೋಲ್ಡರಿನಲ್ಲಂತೂ ಜಾಸ್ತಿ. ಪ್ರಾಪರ್ಟೀಸ್ ಪ್ರತಿ ಹೆಸರಿಗೂ ಬೇರೆ ಬೇರೆ ಎಣಿಸುತ್ತೆ, ಡಿಸ್ಕಿನಲ್ಲಿ ಇರೋದು ಒಂದೇ. ಅದಕ್ಕೇ ಈಗಿನ ವಿನ್‌ಎಸ್‌ಎಕ್ಸ್‌ಎಸ್ ದೊಡ್ಡದು ಕಂಡರೂ ಕೈಯಿಂದ ಅಳಿಸಬೇಡ್ರಿ, ವಿಂಡೋಸೇ ಮಲಗುತ್ತೆ.

ಇನ್ನೂ ಜಾಗ ಬೇಕಿದ್ದರೆ ಹೈಬರ್ನೇಷನ್ (ರ‍್ಯಾಮಿನಲ್ಲಿರೋದನ್ನು ಡಿಸ್ಕಿಗೆ ಬರೆದಿಟ್ಟು ಮಲಗೋದು) ಆಫ್ ಮಾಡಿ. ಅದು ಬರೆಯುವ ಫೈಲು ಸಾಮಾನ್ಯವಾಗಿ ರ‍್ಯಾಮಿನ ಶೇ. 40ರಷ್ಟು, ನಿಮ್ಮ 8 ಜಿಬಿಗೆ ಮೂರು ಜಿಬಿ ಚಿಲ್ಲರೆ ಸಿಗುತ್ತೆ. ಅದರ ಜೊತೆ ಫಾಸ್ಟ್ ಸ್ಟಾರ್ಟಪ್ ಹೋಗುತ್ತೆ, ಎಸ್‌ಎಸ್‌ಡಿ ಇರೋದರಿಂದ ಅಷ್ಟೇನೂ ವ್ಯತ್ಯಾಸ ಕಾಣಲ್ಲ.